ಸೋತವನ ಪಾರ್ಟು

"ಮಾಝೀಚ್ ಪೋರಗೀ ಕಾ? ನನ್ನ ಮಗಳೇ ಯಾಕ ಸೋಲಬೇಕ್ರಿ?"

ಮರಾಠಿ ಊರಿಗೆ ಕಟ್ಟಡದ ಕೂಲಿಗೆ ಬಂದಿದ್ದ ಹುಲಿಗೆವ್ವ ಕೇಳಿದ್ದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಸಿಮೆಂಟು ಮೆತ್ತಿದ ಚಪ್ಪಲಿಯನ್ನು ಶಾಲೆಯ ಬಾಗಿಲಾಚೆ ಬಿಟ್ಟು ಬರುವ ವ್ಯವಧಾನವೂ ಅವಳಿಗಿರಲಿಲ್ಲ. ಶಾಮಲಾ ಟೀಚರ್ ಮುಖ ಸಣ್ಣದು ಮಾಡಿಕೊಂಡು ಮರಾಠಿಯಲ್ಲೇ ತಿಳಿಸಿ ಹೇಳಿದರು. ಡಿಸೆಂಬರ್ ಹದಿನಾರು ವಿಜಯ ದಿವಸ. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದದ್ದನ್ನು ಮಕ್ಕಳು ಆಡಿ ತೋರಿಸುತ್ತಾರೆ. ಸೋತ ಜನರಲ್‌ನ ಪಾರ್ಟು ತಮ್ಮ ಮಕ್ಕಳಿಗೆ ಬೇಡವೆಂದು ಉಳಿದ ಮನೆಯವರು ಜಗಳಕ್ಕೇ ಬಂದಿದ್ದರಂತೆ. "ನಿಮ್ಮ ದುರ್ಗಾ ತಾನಾಗಿಯೇ ಕೈ ಎತ್ತಿದಳು."

ಏಳನೇ ಇಯತ್ತೆಯ ದುರ್ಗಾ ಅವ್ವನ ಸೆರಗು ಜಗ್ಗಿದಳು. "ನಂಗ ಅದೇ ಬೇಕವ್ವಾ. ಗೆದ್ದಾಂವ ಸುಮ್ನ ನಿಂದರ್ತಾನ. ಮಾಡೂದೆಲ್ಲಾ ಸೋತಾಂವಂದೇ ಅದ."

ಹದಿನಾರರಂದು ಹುಲಿಗೆವ್ವ ಕೂಲಿಯವರ ಮೇಸ್ತ್ರಿಯಾದ ಮುಕಾದಮ ಮಧುಕರನಿಗೆ ಹೇಳದೆ ಕೆಲಸ ಬಿಟ್ಟು ಬಂದು, ಶಾಲೆಯ ಅಂಗಳದಲ್ಲಿ ಎಲ್ಲರ ಹಿಂದೆ ನಿಂತಳು. ವೇದಿಕೆಯ ಮೇಲೊಂದು ಮೇಜು, ಎರಡು ಕುರ್ಚಿ. ಕಾಡಿಗೆಯ ಮೀಸೆ ಬರೆಸಿಕೊಂಡ ದುರ್ಗಾ ಬಂದು ಕುಳಿತು ಕಾಗದಕ್ಕೆ ಸಹಿ ಹಾಕಿದಳು. ಎದ್ದು ನಿಂತು ಹೆಗಲ ಮೇಲಿನ ಬೇಗಡೆಯ ನಕ್ಷತ್ರಗಳನ್ನು ಕಿತ್ತಿಟ್ಟಳು. ಸೊಂಟದ ಪಿಸ್ತೂಲು ಬಿಚ್ಚಿ, ಗೆದ್ದ ಜನರಲ್ ಆಗಿದ್ದ ಅವಧೂತನ ಕೈಗೆ ಕೊಟ್ಟಳು. ಜನ ಹೋ ಎಂದು ಕೂಗಿದರು. "ಹರಲಾ ರೇ ಹರಲಾ!" ಎಂದು ಸೋತದ್ದನ್ನು ಆಡಿಕೊಂಡು ಪಕ್ಕದಲ್ಲೊಬ್ಬ ಸಿಳ್ಳೆ ಹೊಡೆದಾಗ ಹುಲಿಗೆವ್ವ ಹಲ್ಲು ಕಚ್ಚಿದಳು.

ಆಟ ಅಲ್ಲಿಗೇ ಮುಗಿಯಬೇಕಿತ್ತು. ಅವಧೂತ ಹೊರಡಲು ತಿರುಗಿಯೂ ಇದ್ದ. ಆದರೆ ದುರ್ಗಾ ಮೊಣಕಾಲೂರಿ ಕುಳಿತುಬಿಟ್ಟಳು. ಎಡಗೈಯಿಂದ ಇಲ್ಲದ ಸೆರಗನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಹುಡುಗನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಬೂಟು, ಮತ್ತೆ ಕಣ್ಣು. ಸುತ್ತ ಯಾರು ನೋಡುತ್ತಿದ್ದಾರೆಂದು ತನಗೆ ಕಾಣದ ಹಾಗೆ ಕತ್ತನ್ನು ಒಂದು ಮಗ್ಗುಲಿಗೆ ಹೊರಳಿಸಿಕೊಂಡಿದ್ದಳು.

ಸಿಳ್ಳೆ ಮುಗಿಲು ಮುಟ್ಟಿತು. ಹುಲಿಗೆವ್ವನ ಮೈಯೆಲ್ಲ ಉರಿಯಿತು.

ಕಳೆದ ಮಳೆಗಾಲದಲ್ಲಿ, ಸಣ್ಣ ಕೂಸಿಗೆ ಜ್ವರವೆಂದು ಅವಳು ಕೆಲಸ ತಪ್ಪಿಸಿದಾಗ, ಮಧುಕರ ಅವರ ಪಾತ್ರೆಗಳನ್ನೆಲ್ಲ ಅವರಿದ್ದ ತಗಡಿನ ಪತ್ರಾಶೆಡ್ಡಿನಿಂದ ಕೆಸರಿಗೆ ಎಸೆದಿದ್ದ. ಆವತ್ತು ಅವಳು ಅವನ ಕಾಲು ಹಿಡಿದದ್ದು ಹೀಗೆಯೇ. ಎಡಗೈಲಿ ಸೆರಗು, ಹೊರಳಿದ ಕತ್ತು. ಕೂಸನ್ನು ಎತ್ತಿಕೊಂಡು ನಳದ ಹತ್ತಿರ ನಿಂತಿದ್ದ ದುರ್ಗಾ ಪಾತ್ರೆಗಳನ್ನು ನೋಡುತ್ತಿದ್ದಾಳೆಂದೇ ಹುಲಿಗೆವ್ವ ಅಂದುಕೊಂಡಿದ್ದಳು.

ಹುಲಿಗೆವ್ವ ಪರದೆಯ ಹಿಂದೆ ಹೋದಾಗ ಶಾಮಲಾ ಟೀಚರ್ ಹುಡುಗಿಯನ್ನು ಅಪ್ಪಿಕೊಂಡಿದ್ದರು. ಕೊನೆಯದನ್ನು ಯಾರು ಕಲಿಸಿದರೆಂದು ಕೇಳಿದರು. ದುರ್ಗಾ ಅವ್ವನ ಕಡೆ ನೋಡಿ ನಕ್ಕಳು. ಹುಲಿಗೆವ್ವ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು.

"ಶಾಮಲಾ ಬಾಯಾರು ಭಾಳ ಚಂದ ಸೋತಿ ಅಂದ್ರವ್ವಾ," ಎಂದಳು ದುರ್ಗಾ, ದಾರಿಯಲ್ಲಿ.

ಹುಲಿಗೆವ್ವ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಯಾರ ಮೇಲೆ ಬೀಳಬೇಕೋ ತಿಳಿಯದೆ ಹಾಗೇ ನಿಂತಿತು. ಹುಡುಗಿ ಹೆದರಿ ಕಣ್ಣು ಮುಚ್ಚಿಕೊಂಡದ್ದನ್ನು ಕಂಡು ಇಳಿಸಿದಳು.

ಶೆಡ್ಡಿಗೆ ಬಂದವಳೇ ಮಗಳನ್ನು ಎದುರಿಗೆ ಕೂಡಿಸಿಕೊಂಡು, ಹಳೆಯ ಅರಿವೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮೀಸೆ ಒರೆಸತೊಡಗಿದಳು. ಸಿಟ್ಟಿಗೆ ಕೈ ಬಿರುಸಾಗಿತ್ತು.

"ನೋಯ್ತದವ್ವಾ."

ಹೊರಗೆ ಮೋಟಾರ್‌ಸೈಕಲ್ ನಿಂತಿತು. ಹಾರ್ನ್ ಕೂಗಿತು. "ಏ ಹುಲಿಗೇ! ಕುಠೇ ಗೇಲೀ ಹೋತೀಸ? ಬಾಹೇರ ಯೇ!" ಎಲ್ಲಿ ಹೋಗಿದ್ದೆ, ಹೊರಗೆ ಬಾ ಎಂಬ ಮಧುಕರನ ದನಿಗೆ ಅಕ್ಕಪಕ್ಕದ ಶೆಡ್ಡಿನ ಹೆಂಗಸರು ಹೊರಗೆ ಬಂದ ಸದ್ದಾಯಿತು. ದುರ್ಗಾ ಗಾಬರಿಯಾಗಿ ಅರ್ಧ ಎದ್ದಳು.

"ಅವ್ವಾ, ಮುಕಾದಮ ಬಂದಾನ."

ಹುಲಿಗೆವ್ವ ಅವಳ ಭುಜ ಹಿಡಿದು ಕೂಡಿಸಿದಳು. "ಕುಂದ್ರು. ಈ ಕಡಿ ಇನ್ನಾ ಕರಿ ಅದ."

ಮತ್ತೆ ಹಾರ್ನ್ ಕೂಗಿತು. ಅವಳು ಅರಿವೆಯ ಕರಿ ಹತ್ತದ ತುದಿ ಹುಡುಕಿ, ಅದನ್ನು ಎಣ್ಣೆಯಲ್ಲಿ ಅದ್ದಿ, ಮಗಳ ತುಟಿಯ ಮೇಲೆ ಈ ಸಲ ಮೆತ್ತಗೆ ಒರೆಸಿದಳು.