ಹಗೇವಿನ ಬಾಯಿಗೆ ಕೂತವಳು

ಮುಂಜಾನೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿದ ಮೇಲೆ, ಬೆರಳಿಗೆ ಉಳಿದ ಭಸ್ಮವನ್ನು ಅನ್ನವ್ವ ಒರೆಸಿಕೊಳ್ಳುವುದಿಲ್ಲ. ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಗೂ ಒಂದು ಗೆರೆ ಎಳೆದು, ‘ಶಿವಾ, ಇದ್ದಷ್ಟರಾಗ ಬರ್ಕತ್ತ ಕೊಡು’ ಎಂದ ಮೇಲೆಯೇ ಒಲೆ ಹಚ್ಚುವುದು. ಕಣ್ಣಿನ ಆಪರೇಶನ್ನಿಗೆಂದು ಆಸ್ಪತ್ರೆಯಲ್ಲಿದ್ದಾಗ ಡಬ್ಬಿ ಎಲ್ಲಿಂದ ಬರಬೇಕು? ಪಕ್ಕದ ಹಾಸಿಗೆಯ ಜೈನಬಿಯ ಬಿಸ್ಕೀಟಿನ ಪುಡಾಕ್ಕೇ ಗೆರೆ ಎಳೆದುಬಿಟ್ಟಳು. ಎಚ್ಚರವಾದ ಜೈನಬಿ, ‘ಅಕ್ಕಾರ, ಪುಡಾಕ್ಕೇನು ಜ್ವರ ಬಂದಾವೇನ್ರಿ?’ ಎಂದು ಕೇಳಿ, ಅದರೊಳಗಿಂದಲೇ ಎರಡು ತೆಗೆದು ಕೊಟ್ಟಳಂತೆ.

ಅರವತ್ತು ದಾಟಿದ ಜೀವ. ತೀರಿಹೋದ ಗಂಡ ಅಳ್ನಾವರದ ರೈಲ್ವೆ ಸ್ಟೇಶನ್ನಿನಲ್ಲಿ ನೌಕರಿಯಲ್ಲಿದ್ದ. ಅವನ ನೀಲಿ ಉಣ್ಣೆಯ ಕೋಟನ್ನು ಇಳಕಲ್ಲ ಸೀರೆಯ ಮೇಲೆ ತೊಟ್ಟು, ಎಡಗೈಯಲ್ಲಿ ನಿರಿಗೆಯನ್ನು ತುಸು ಎತ್ತಿ ಹಿಡಿದು, ಒಣನೆಲದ ಮೇಲೂ ಹಳ್ಳ ದಾಟುವವಳಂತೆ ನಡೆಯುತ್ತಾಳೆ. ಆಡುವುದು ಕಡಿಮೆ, ಆದರೆ ಎದುರಿನವರ ಮಾತನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಪ್ರತಿ ಮಾತಿನ ತುದಿಗೂ ‘ಹೂಂ, ಮುಂದ?’ ಎನ್ನುತ್ತಾಳೆ. ಮಗಳು ಐಶ್ವರ್ಯ ಫೋನಿನಲ್ಲಿ, ‘ಯವ್ವಾ, ನನ್ನ ಮಾತ ಮುಗದು ಹೊತ್ತಾತು, ಮುಂದ ಏನೂ ಇಲ್ಲ’ ಎಂದರೆ, ಅದಕ್ಕೂ ‘ಹೂಂ, ಮುಂದ?’

ಈ ರೂಢಿ ಆಕೆಗೆ ಅಂಟಿದ್ದು ಅಣ್ಣಿಗೇರಿ ಸೀಮೆಯ ತವರುಮನೆಯಲ್ಲಿ, ಹದಿನೆಂಟರ ಹರೆಯದ ಒಂದು ಬೇಸಿಗೆಯಲ್ಲಿ. ಆಗೆಲ್ಲ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು: ಅಂಗಳದ ನೆಲದೊಳಗೆ ಕೋಣೆಯಷ್ಟು ಅಗಲದ ಕಣಜ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಬಾಯಿಗೊಂದು ಹಾಸುಗಲ್ಲು. ಬಹುಕಾಲ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಇಳಿದವನು ಬುಟ್ಟಿ ತುಂಬುವಷ್ಟು ಹೊತ್ತೂ ಮಾತಾಡುತ್ತಿರಬೇಕು, ಬಾಯಿಗೆ ಕೂತವರು ಓಗೊಡುತ್ತಿರಬೇಕು. ದನಿ ನಿಂತರೆ ಉಸಿರು ನಿಂತಂತೆಯೇ ಲೆಕ್ಕ.

ಅಕ್ಕನ ಮದುವೆಗೆಂದು ಹಗೇವು ತೆಗೆದಾಗ ಇಳಿದವನು ಎದುರುಮನೆಯ ಮಡಿವಾಳೆಪ್ಪ. ಗಂಡಸರೆಲ್ಲ ಚೀಲ ಹೊರುವುದರಲ್ಲಿದ್ದುದರಿಂದ ಬಾಯಿಗೆ ಕೂರುವ ಕೆಲಸ ಅನ್ನವ್ವನ ಪಾಲಿಗೆ ಬಂತು. ಬೇರೆ ಹೊತ್ತಿನಲ್ಲಿ ಓಣಿಯ ಹುಡುಗನತ್ತ ತಿರುಗಿ ನೋಡಿದರೂ ಗದರುತ್ತಿದ್ದ ಅಪ್ಪ, ಈಗ ‘ಸುಮ್ನ ಕುಂದರಬ್ಯಾಡವಾ, ಮಾತಾಡು’ ಎಂದು ಗದರುತ್ತಿದ್ದ.

‘ನಿಮ್ಮ ಮುತ್ಯಾ ಜ್ವಾಳಾ ಇಟ್ಟಾನೋ, ನುಸಿ ಸಾಕ್ಯಾನೋ?’ ಎಂದು ಮಣ್ಣಿನೊಳಗಿಂದ ದನಿ ಏರಿ ಬರುತ್ತಿತ್ತು.

‘ನಿನಗ ವಾರಿಗಿ ಗೆಳ್ಯಾರು ಬೇಕಲ್ಲ, ಅದಕ್ಕ ಸಾಕ್ಯಾನ. ಮುಂದ?’

ಮುಖ ಕಾಣದ ಆ ದನಿಯ ಜೊತೆ, ಹಿರಿಯರ ಅಪ್ಪಣೆಯ ಮೇರೆಗೇ, ಆಕೆ ಕೆಲವು ದಿನ ಬಿಸಿಲೇರಿ ಬಿಸಿಲಿಳಿಯುವ ತನಕ ಮಾತಾಡಿದಳು. ಅಷ್ಟು ಮಾತನ್ನು ಆಮೇಲೆ ಯಾವ ಗಂಡಸಿನ ಜೊತೆಗೂ ಆಡಲಿಲ್ಲ.

ಕಡೆಯ ದಿನ, ಬುಟ್ಟಿ ತಳ ಕೆರೆಯತೊಡಗಿದಾಗ, ಅವನು ದನಿ ತಗ್ಗಿಸಿ ಕೇಳಿದ: ‘ಅನ್ನವ್ವಾ, ನಿಮ್ಮಪ್ಪನ ಕಡೆ ಹೆಣ್ಣ ಕೇಳಾಕ ಹಿರ್ಯಾರನ ಕಳಸಲೇನು? ನೀ ಹೂಂ ಅಂದ್ರ ಕಳಸ್ತೇನಿ.’

ಅನ್ನವ್ವನ ಬಾಯಿಗೆ ‘ಮುಂದ?’ ಕೂಡ ಬರಲಿಲ್ಲ. ಉತ್ತರಕ್ಕೆ ಕಾದು ಅವನೂ ಸುಮ್ಮನಾದ. ಎರಡೂ ದನಿ ನಿಂತದ್ದೇ ತಡ, ಅಪ್ಪ ಹೊತ್ತ ಚೀಲ ಚೆಲ್ಲಿ ಓಡಿಬಂದ. ನಾಲ್ಕು ಮಂದಿ ಸೇರಿ ಹಗ್ಗ ಜಗ್ಗಿ, ಕಲ್ಲಿನಂತೆ ಗಟ್ಟಿಮುಟ್ಟಾಗಿದ್ದ ಮಡಿವಾಳೆಪ್ಪನನ್ನು ಅಂಗಳದಲ್ಲಿ ಕೆಡವಿ, ತಲೆಗೆ ಕೊಡ ನೀರು ಸುರಿದು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ‘ನನಗೇನಾಗಿಲ್ರೆಪಾ, ಬಿಡ್ರಿ’ ಎಂದು ಅವನು ಒದ್ದಾಡಿದರೆ, ‘ಬಡಬಡಸಾಕ ಹತ್ಯಾನ, ಗಾಳಿ ನೆತ್ತಿಗೇರೇತಿ’ ಎಂದು ಮತ್ತೊಂದು ಕೊಡ ಸುರಿದರು.

ಊರು ಬಹಳ ದಿನ ನಕ್ಕಿತು. ಅನ್ನವ್ವ ಹೂಂ ಎನ್ನುವ ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ, ಅಕ್ಕನ ಮದುವೆಯ ಹಂದರದಲ್ಲೇ ಯಾರೋ ಹಿರಿಯರು ಆ ಎರಡು ಮನೆಗಳ ಬೆಡಗು ಒಂದೇ ಎಂಬ ಮಾತು ತೆಗೆದರು. ಬೆಡಗು ಅಂದರೆ ಗೋತ್ರವಿದ್ದಂತೆ, ಅದು ಒಂದಾದರೆ ರಕ್ತ ಒಂದು. ಹುಡುಗ ಹುಡುಗಿ ಅಣ್ಣ-ತಂಗಿ. ಮಡಿವಾಳೆಪ್ಪ ಯಾರನ್ನೂ ಕಳಿಸಲಿಲ್ಲ. ಮರುವರ್ಷ ಆಕೆಯನ್ನು ಅಳ್ನಾವರಕ್ಕೆ ಕೊಟ್ಟರು. ಮುಂದೆ ಆಕೆ ತವರಿಗೆ ಬಂದಾಗಲೆಲ್ಲ ಅವನು ಹೊಲದ ದಾರಿ ಹಿಡಿಯುತ್ತಿದ್ದ. ಅವತ್ತಿನ ಉತ್ತರ ಏನಿತ್ತೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಅವ್ವ ಕಡೆಗಾಲಕ್ಕೆ ಅಕ್ಕನ ಊರು ದೇವಿಕೊಪ್ಪ ಸೇರಿದ್ದಳು. ಅವ್ವ ತೀರಿಕೊಂಡ ಮೇಲೆ, ಕೀಲಿ ಬಿದ್ದ ತವರುಮನೆ ಅನ್ನವ್ವನಿಗೆ ಬಂತು. ಈ ಬೇಸಿಗೆ ಬಂದು, ಕೀಲಿ ತೆಗೆದು, ಪಡಸಾಲೆ ಗುಡಿಸಿ ಅಂಗಳಕ್ಕೆ ಬಂದರೆ ಹಾಸುಗಲ್ಲು ಹಾಗೆಯೇ ಇದೆ. ಅದರ ಅಂಚಿಗೆ ಕೂತಳು. ಆಕೆಗೆ ಮನೆಯ ಆಸೆ ಅಷ್ಟಿರಲಿಲ್ಲ. ಗಂಟಲಲ್ಲೇ ಉಳಿದ ಆ ಒಂದು ಮಾತು ಅವನ ಕಿವಿಗೆ ಮುಟ್ಟಿದರೆ ಸಾಕಿತ್ತು. ಆದರೆ ನೆರೆತ ತಲೆಯ ವಿಧವೆಯೊಬ್ಬಳು, ಮೊಮ್ಮಕ್ಕಳನ್ನು ಕಂಡ ಗಂಡಸಿಗೆ ಅದನ್ನು ಯಾವ ಬಾಯಿಂದ ಹೇಳಬೇಕು?

ಹೆಂಡತಿ ತೀರಿದ ಮೇಲೆ ಮಡಿವಾಳೆಪ್ಪನೂ ಸೊರಗಿದ್ದಾನೆಂದು ಕೇಳಿದ್ದಳು. ಕೋಲೂರಿಕೊಂಡು ಬಂದವನು ದುಂಡಗೇ ಇದ್ದ.

‘ಬಂದಿ?’

‘ಬಂದೆ.’

‘ಬಾಳ ತೆಳ್ಳಗಾಗೀದಿ.’

‘ನಿಂದೇನು ಕಡಿಮಿ ಆಗಿಲ್ಲ ಬಿಡು. ಈಗ ಹಗೇವಕ್ಕ ಇಳದ್ರ ಬಾಯಾಗ ಸಿಕ್ಕೊಂಡು ಕುಂದರ್ತಿ.’

ಅವನು ನಕ್ಕ, ಕಟ್ಟೆಯ ಮೇಲೆ ಕೂತ. ಮನೆಯಿಂದಲೇ ಹೊಂದಿಸಿ ತಂದಂತಿದ್ದ ಮಾತನ್ನು ಹೇಳಿದ:

‘ಒಡಹುಟ್ಟಿದ ಗಂಡಸರಿಲ್ಲ ನಿನಗ. ಈಗ ಅವ್ವನೂ ಹ್ವಾದಳು. ತವರಮನಿ ಮುಗೀತಂತ ತಿಳಕೋಬ್ಯಾಡ. ಈ ನಾಗರಪಂಚಮಿಗೆ ಮಗನ ಗಾಡಿ ತಗೊಂಡು ನಾನಽ ಕರಿಯಾಕ ಬರತೇನಿ. ಅಣ್ಣ ಬಂದಾನಂತ ತಿಳಿ. ಉಂಡಿ ಕಟ್ಟಸ್ತೇನಿ, ಸೀರಿ ಉಡಸ್ತೇನಿ.’

ನಮ್ಮ ಕಡೆ ಹೆಣ್ಣಿಗೆ ಇದಕ್ಕಿಂತ ದೊಡ್ಡ ಮಾನವಿಲ್ಲ. ಓಣಿಯ ಹೆಂಗಸರನ್ನು ಅಣ್ಣಂದಿರು ಬಂದು ಕರೆದೊಯ್ಯುವಾಗ, ಅನ್ನವ್ವ ಬಾಗಿಲಲ್ಲಿ ನಿಂತು ನೋಡಿದ ಪಂಚಮಿಗಳೆಷ್ಟೋ.

‘ಬ್ಯಾಡ, ಮಡಿವಾಳೆಪ್ಪಾ,’ ಎಂದಳು. ‘ಸೀರಿ ಬ್ಯಾಡ, ಉಂಡಿ ಬ್ಯಾಡ. ನೀ ಅಣ್ಣ ಆಗಿ ಬಂದ್ರ ನಾ ಬಾಗಲಾ ತಗಿಯೂದಿಲ್ಲ.’

ಇದು ಅವತ್ತಿನ ಪ್ರಶ್ನೆಗೆ ಉತ್ತರವೆಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

ಇಂಥ ಹೆಂಗಸರು ಊರೂರಲ್ಲೂ ಇದ್ದಾರೆ. ಮಗಳು, ಸೊಸೆ, ಹೆಂಡತಿ, ತಾಯಿ ಎಂದು ಹಿರಿಯರೂ ಕಾಲವೂ ಹೆಸರಿಟ್ಟು ಕರೆದಾಗಲೆಲ್ಲ ಎದ್ದು ಬಂದು, ಆಯಾ ಹೆಸರನ್ನು ಶಿವನು ಮೆಚ್ಚುವಂತೆ ನಡೆಸಿಕೊಡುತ್ತಾರೆ. ಎಲ್ಲೋ ಒಂದೇ ಒಂದು ಸಂಬಂಧಕ್ಕೆ ಮಾತ್ರ, ಎಷ್ಟು ಪ್ರೀತಿಯಿಂದ ಕೊಟ್ಟರೂ, ಸುಳ್ಳು ಹೆಸರನ್ನು ಕೈಚಾಚಿ ಇಸಿದುಕೊಳ್ಳುವುದಿಲ್ಲ.