ಹೊರಡುವ ಹಿಂದಿನ ದಿನ

ಹೋಟೆಲ್ ಕೋಣೆ ರದ್ದಾದ ಸುದ್ದಿಯನ್ನು ತಮ್ಮ ಹೇಳಲಿಲ್ಲ. ಹೋಟೆಲಿನವರು ಹೇಳಿದರು.

ಅವಳು ಫೋನ್ ಮಾಡಿದ್ದು ಒಂದು ಸಣ್ಣ ವಿಷಯ ಕೇಳಲಿಕ್ಕೆ. ಶನಿವಾರ ಹಡಗುಕಟ್ಟೆಗೆ ಹೋಗುವ ಹೋಟೆಲಿನ ವ್ಯಾನು ಹನ್ನೊಂದಕ್ಕೆ ಹೊರಡುತ್ತದೋ ಹನ್ನೆರಡಕ್ಕೋ, ಮಂಡಿಯ ಆಪರೇಷನ್ ಆದ ಎಪ್ಪತ್ತರ ಅಮ್ಮ ಅದರ ಮೆಟ್ಟಿಲು ಹತ್ತಬಲ್ಲಳೋ ಇಲ್ಲವೋ, ಅಷ್ಟೇ. ಆ ಕಡೆಯ ಹುಡುಗಿ ಏನನ್ನೋ ಟಕಟಕ ಒತ್ತಿ ನೋಡಿ, "ಮೇಡಂ, ಈ ಬುಕಿಂಗ್ ನಿನ್ನೆನೇ ಕ್ಯಾನ್ಸಲ್ ಆಗಿದೆಯಲ್ಲಾ" ಅಂದಳು.

"ಯಾರು ಮಾಡಿದ್ದು?"

"ಬುಕ್ ಮಾಡಿದವರೇ."

ಬುಕ್ ಮಾಡಿದ್ದು ತಮ್ಮನ ಫೋನಿನಿಂದ. ಆದರೆ ಲೆಕ್ಕಾಚಾರವೆಲ್ಲ ಅವಳದು. ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತವಳು ಅವಳು. ಮೂರು ದಿನದ ಸಮುದ್ರಯಾನದ ಟಿಕೆಟ್ ತೆಗೆದ ದಿನ ತಮ್ಮನೇ, "ಹಡಗು ನಂದು, ಅಲ್ಲಿಗೆ ಮುಟ್ಟಿಸೋದು ನಿಂದು. ಟೈಮ್ ಟೇಬಲ್‌ನೋಳು ತಾನೇ ನೀನು" ಎಂದು ಜಂಬದಿಂದ ಕೈ ತೊಳೆದುಕೊಂಡಿದ್ದ. ಅವಳು ಹಳೆಯ ಡ್ಯೂಟಿ ಚಾರ್ಟಿನ ಬೆನ್ನ ಮೇಲೆ ಎಲ್ಲ ಬರೆದಿದ್ದಳು. ಶುಕ್ರವಾರ ಬೆಳಿಗ್ಗೆ ಏಳರ ಬಸ್ಸು. ಒಂದಕ್ಕೆ ಬಂದರಿನ ಊರು. ಕಟ್ಟೆಗೆ ಹತ್ತು ನಿಮಿಷದ ದಾರಿಯಲ್ಲಿರುವ ಹೋಟೆಲು. ಶನಿವಾರ ಮಧ್ಯಾಹ್ನದೊಳಗೆ ಕಟ್ಟೆ. ಮಧ್ಯದ ಇಪ್ಪತ್ತೆರಡು ಗಂಟೆಗಳ ಮುಂದೆ ಡಿಪೋದ ಅಭ್ಯಾಸದಂತೆ ಒಂದೇ ಪದ ಬರೆದಿದ್ದಳು: ಬಿಡುವು. ಎರಡು ಟ್ರಿಪ್ಪುಗಳ ನಡುವೆ, ಒಂದು ತಡವಾದರೂ ಇನ್ನೊಂದು ಕೆಡದಿರಲಿ ಎಂದು ಬಿಡುವ ಖಾಲಿ ಹೊತ್ತಿಗೆ ಡಿಪೋದಲ್ಲಿ ಹಾಗೆನ್ನುತ್ತಾರೆ.

ತಮ್ಮನಿಗೆ ಫೋನ್ ಮಾಡಿದಾಗ ಅವಳ ಕಿವಿಯ ತುದಿ ಬಿಸಿಯಾಗಿತ್ತು.

"ಅಯ್ಯೋ, ಹೇಳೋಣ ಅಂತಿದ್ದೆ ಅಕ್ಕಾ. ಮರೆತೇಹೋಯ್ತು."

"ಹೇಳೋದು ಮರೆತುಹೋಯ್ತು. ರದ್ದು ಮಾಡೋದು ಮಾತ್ರ ನೆನಪಿತ್ತಾ?"

"ನೋಡು, ಶನಿವಾರ ಬೆಳಿಗ್ಗೆನೇ ಒಂದು ರೈಲಿದೆ. ಹನ್ನೆರಡೂ ನಲವತ್ತಕ್ಕೆ ಅಲ್ಲಿರ್ತೀವಿ. ಹಡಗು ಹೊರಡೋದು ಐದಕ್ಕೆ. ಹಿಂದಿನ ದಿನಾನೇ ಹೋಗಿ ಗೋಡೆ ನೋಡ್ಕೊಂಡು ಕೂತ್ಕೊಳ್ಳೋದ್ಯಾಕೆ? ಒಂದು ದಿನ ದಂಡ."

"ಹೊರಡೋದು ಐದಕ್ಕೆ ಕಣೋ. ಗೇಟು ಮುಚ್ಚೋದು ಮೂರೂವರೆಗೆ. ಟಿಕೆಟ್ಟಿನ ಎರಡನೇ ಹಾಳೆ ಓದಿದ್ಯಾ?"

"ಎರಡನೇ ಹಾಳೆ ಯಾರು ಓದ್ತಾರೆ?"

"ಸ್ಟೇಷನ್ನಿಂದ ಕಟ್ಟೆಗೆ ಒಂದೇ ಸೇತುವೆ. ಹಡಗು ಬರೋ ದಿನ ಅದರ ತುಂಬಾ ಲಾರಿ. ಟ್ಯಾಕ್ಸಿ ಸಿಗಲ್ಲ. ಅಮ್ಮನ ಕಾಲಿಗೆ..."

"ನಿಂದು ಡಿಪೋ ಬುದ್ಧಿ. ಇದು ರಜಾ ಅಕ್ಕಾ, ಡ್ಯೂಟಿ ಅಲ್ಲ."

ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು: "ಅತ್ತಿಗೆ ನಾಳೆ ಊಟಕ್ಕೆ ಇವತ್ತೇ ಕೈ ತೊಳ್ಕೊಂಡು ಕೂರೋರು ಬಿಡಿ." ಇಬ್ಬರೂ ನಕ್ಕರು. ಆ ನಗು ಅವಳ ಮೈಗೆ ತುರಿಕೆಯಂತೆ ಅಂಟಿಕೊಂಡಿತು.

"ಅಮ್ಮನ್ನ ಕೇಳಿದ್ಯಾ?"

"ಕೇಳ್ದೆನಮ್ಮಾ. ‘ನಿಮ್ಮಿಷ್ಟ’ ಅಂದ್ಲು."

ಅಮ್ಮ ಯಾವಾಗಲೂ ಹಾಗೆಯೇ ಅನ್ನುವುದು. ಮಂಡಿ ಯಾವ ಆಸ್ಪತ್ರೆಯಲ್ಲಿ ಕೊಯ್ಯಿಸುವುದು ಎಂದಾಗಲೂ ನಿಮ್ಮಿಷ್ಟ. ಹಳೆಯ ಮನೆ ಬಿಟ್ಟು ಮೂರನೇ ಮಹಡಿಯ ಈ ಮನೆಗೆ ಬರುವಾಗಲೂ ನಿಮ್ಮಿಷ್ಟ. ಅದನ್ನು ಒಪ್ಪಿಗೆ ಎಂದು ಓದುವುದು ಈ ಮನೆಯ ರೂಢಿ. ಓದಿ ಓದಿ ಎಲ್ಲರಿಗೂ ಅನುಕೂಲವಾಗಿಬಿಟ್ಟಿತ್ತು.

ಸಂಜೆ ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಚೀಲ ತೆರೆದಿಟ್ಟುಕೊಂಡು ಕೂತಿದ್ದಳು. ಹೊರಡಲು ಇನ್ನೂ ಮೂರು ದಿನವಿದ್ದರೂ ಚೀಲ ತುಂಬಿ ವಾರವಾಗಿತ್ತು. ಈಗ ಅವಳು ಅದರಿಂದ ಒಂದು ಹೊಸ ನೈಟಿಯನ್ನು ಹೊರತೆಗೆದಳು. ತಿಳಿನೀಲಿ ಬಣ್ಣದ್ದು. ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಎದ್ದು, ಕುಂಟುತ್ತ ಹೋಗಿ, ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬಾಗಿಲು ಹಾಕಿದಳು.

"ಅದ್ಯಾಕಮ್ಮ ತೆಗೆದೆ?"

"ಹಡಗಿಗೆ ಹಳೇದೇ ಸಾಕು ಕಣೇ."

"ಮತ್ತೆ ಇದು?"

ಅಮ್ಮ ಬೀರುವಿನ ಹಿಡಿಯನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.

"ಹೋಟ್ಲಿಗೆ ಅಂತ ತಂದಿದ್ದೆ."

ಅಷ್ಟೇ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಮಗಳು ನಿಂತಲ್ಲೇ ನಿಂತಳು. ಅಮ್ಮ ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಲಾಂಡ್ರಿ ಕೆಲಸ ಮಾಡಿದ್ದಳು. ಒಂದು ಬೆಡ್‌ಶೀಟ್ ಕೈಗೆ ಕೊಟ್ಟರೆ ಅದರ ಮೇಲೆ ಮಲಗಿದವನು ಕಾಫಿ ಚೆಲ್ಲಿಕೊಂಡನೋ, ಜ್ವರದಲ್ಲಿ ಬೆವರಿದನೋ, ನಿದ್ದೆಯಿಲ್ಲದೆ ಹೊರಳಾಡಿದನೋ ಹೇಳಿಬಿಡುತ್ತಿದ್ದಳು. ಇಸ್ತ್ರಿಯ ಯಂತ್ರ ಮುಟ್ಟಿದ ಗುರುತು ಬಲಗೈ ಮೇಲೆ ಇಂದಿಗೂ ಎಲೆಯಂತೆ ಕೂತಿದೆ. ಲಾಂಡ್ರಿಯವರು ಓಡಾಡುವುದು ಹಿಂದಿನ ಮೆಟ್ಟಿಲಿನಲ್ಲಿ. ಮುಂದಿನ ಲಿಫ್ಟು ಅತಿಥಿಗಳಿಗೆ. ಶೀಟು ಮೇಲೆ ಹೋಗಿ ಯಾವ ಮಂಚಕ್ಕೆ ಹಾಸಿಕೊಳ್ಳುತ್ತದೆಂದು ಮೂವತ್ತೊಂದು ವರ್ಷದಲ್ಲಿ ಅಮ್ಮ ಒಮ್ಮೆಯೂ ನೋಡಿರಲಿಲ್ಲ. ಈ ಕಥೆಗಳನ್ನು ಅಕ್ಕ ತಮ್ಮ ಇಬ್ಬರೂ ಊಟಕ್ಕೆ ಕೂತಾಗ ಕೇಳಿ ನಕ್ಕವರೇ.

ಅವಳಿಗೆ ತಮ್ಮನ ಮೇಲಿದ್ದ ಸಿಟ್ಟು ನೆತ್ತಿಗೇರಿತು. ಎರಡು ಗುಟುಕು ನೀರು ಕುಡಿಯುವಷ್ಟರಲ್ಲಿ ಅದರಲ್ಲೊಂದು ಪಾಲು ತಿರುಗಿ ಅವಳ ಕಡೆಗೇ ಬಂತು. ಅವನು ಆ ದಿನವನ್ನು ದಂಡ ಅಂದ. ತಾನು ಬಿಡುವು ಅಂತ ಬರೆದಳು. ಇಬ್ಬರ ಚಾರ್ಟಿನಲ್ಲೂ ಅದು ಖಾಲಿ ಜಾಗವೇ. ಅಮ್ಮನಿಗೆ ಮಾತ್ರ ಅದೇ ಪ್ರಯಾಣವಾಗಿತ್ತು. ಹಡಗು ಮಗನ ಖುಷಿಗೆ.

ಮರುದಿನ ಬುಧವಾರ ಡಿಪೋದಿಂದ ಮತ್ತೆ ಫೋನ್ ಮಾಡಿದಳು.

"ಶುಕ್ರವಾರ ಫುಲ್ ಮೇಡಂ. ಹಡಗಿನ ದಿನ ನೋಡಿ. ಊರಲ್ಲೇ ಎಲ್ಲೂ ಸಿಗಲ್ಲ."

"ನಮ್ಮದೇ ಕೋಣೆ ಇತ್ತಲ್ಲ, ಅದನ್ನಾದ್ರೂ ಕೊಡಿ."

"ಅದು ಹೋಯ್ತು ಮೇಡಂ. ನೀವೇ ಬಿಟ್ಟಿದ್ದಲ್ವಾ?"

"ನಾನು ಬಿಟ್ಟಿದ್ದಲ್ಲ!" ಎಂದು ಅವಳು ಕೂಗಿದ ರಭಸಕ್ಕೆ ಪಕ್ಕದ ಮೇಜಿನ ಮುದಿ ಕಂಡಕ್ಟರ್ ತಲೆಯೆತ್ತಿದ. ದನಿ ದೊಡ್ಡದೆಂದು ಡಿಪೋದವರೆಲ್ಲ ಅವನನ್ನು ಸೀಟಿ ಎಂದೇ ಕರೆಯುವುದು. "ಮೇಡಂ, ನನ್ನ ಹೆಸರು ಇವತ್ತಿಂದ ನಿಮಗೇ ಬಿಟ್ಟುಕೊಟ್ಟೆ" ಅಂದ. ಅವಳು ನಗಲಿಲ್ಲ. ಫೋನಿಗೆ ಕೇಳಿದಳು:

"ದಂಡವಿಲ್ಲದೆ ಕ್ಯಾನ್ಸಲ್ ಮಾಡೋಕೆ ಕೊನೇ ಹೊತ್ತು ಯಾವುದು?"

"ಇವತ್ತು ಮಧ್ಯಾಹ್ನ ಹನ್ನೆರಡು."

ಅಷ್ಟು ಸಾಕಿತ್ತು. ಸೀಟು ಹಿಡಿದಿಟ್ಟು ಕೊನೆಗೆ ಬಿಡುವವರು ಬಿಡುವುದು ಯಾವಾಗಲೂ ಬಾಗಿಲು ಮುಚ್ಚುವ ಮುಂಚಿನ ಕಾಲುಗಂಟೆಯಲ್ಲಿ. ಎರಡೆರಡು ಕಡೆ ಕೋಣೆ ಹಿಡಿದವರು, ಹೆಂಡತಿಯ ಜೊತೆ ಇನ್ನೂ ಚರ್ಚೆ ಮುಗಿಯದವರು, ಎಲ್ಲರಿಗೂ ಆಗಲೇ ಬುದ್ಧಿ ಬರುವುದು. ಹತ್ತೊಂಬತ್ತು ವರ್ಷ ಅವಳು ನೋಡುತ್ತ ಬಂದದ್ದು ಇದನ್ನೇ. ಹನ್ನೊಂದೂ ಮುಕ್ಕಾಲಿಗೆ ಮಾಡಿದಳು. ಇಲ್ಲ. ಐವತ್ತಕ್ಕೆ. ಇಲ್ಲ. ಐವತ್ತನಾಲ್ಕಕ್ಕೆ ಆ ಹುಡುಗಿ, "ಮೇಡಂ, ನಿಮಗೆ ಬೇರೆ ಕೆಲಸ ಇಲ್ವಾ?" ಅಂದಳು. "ಇದೇ ನನ್ನ ಕೆಲಸ" ಅಂದಳು ಇವಳು. ಐವತ್ತೇಳಕ್ಕೆ ಮತ್ತೆ ಮಾಡಿದಾಗ ಆ ಕಡೆ ಟಕಟಕ ಒತ್ತುವ ಸದ್ದು.

"ಒಂದು ಬಂತು. ಆದ್ರೆ ಹಿಂಬದಿ ಕೋಣೆ. ಸಮುದ್ರ ಕಾಣಲ್ಲ."

"ಮಂಚ ಇದೆ ತಾನೇ?"

"ಇದೆ ಮೇಡಂ" ಎಂದು ಹುಡುಗಿ ಮೊದಲ ಸಲ ನಕ್ಕಳು.

ಸಂಜೆ ವಿಷಯ ಕೇಳಿದ ತಮ್ಮ ಮುನಿಸಿಕೊಂಡ. "ಸರಿ, ನಿಮ್ಮಿಬ್ಬರದು ಒಂದು ದಾರಿ, ನಮ್ಮಿಬ್ಬರದು ಒಂದು ದಾರಿ. ನನ್ನ ಮಾತಿಗೆ ಬೆಲೆಯೇ ಇಲ್ಲ." ಬೆಲೆಯ ಬಗ್ಗೆ ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ಹೇಳಲಿಲ್ಲ. ಕಟ್ಟೆಯ ಮೇಲೆ, ಅವನು ಏದುಸಿರು ಬಿಡುತ್ತ ಮುಚ್ಚಿದ ಗೇಟಿನ ಮುಂದೆ ನಿಂತಾಗ ಹೇಳೋಣ ಎಂದು ಒಂದೊಂದೇ ಮಾತನ್ನು ಕೂಡಿಟ್ಟುಕೊಂಡಳು.

ಶುಕ್ರವಾರ ಬಸ್ಸು ನಲವತ್ತು ನಿಮಿಷ ತಡ. ಅವಳ ಚಾರ್ಟಿನಲ್ಲಿ ಅದಕ್ಕೂ ಜಾಗವಿತ್ತು. ಹೋಟೆಲಿನ ಬಾಗಿಲಲ್ಲಿ ಅಮ್ಮ ಅಭ್ಯಾಸಬಲದಿಂದ ಎಡಕ್ಕೆ, ಸಾಮಾನು ಇಳಿಸುವ ಓಣಿಯ ಕಡೆಗೆ ತಿರುಗಿದಳು. ಮಗಳು ಭುಜ ಹಿಡಿದು ಎದುರಿನ ಗಾಜಿನ ಬಾಗಿಲಿಗೆ ತಿರುಗಿಸಿದಳು. ಲಿಫ್ಟಿನೊಳಗಿನ ಕನ್ನಡಿಯಲ್ಲಿ ಅಮ್ಮ ತನ್ನನ್ನು ನೋಡಿಕೊಳ್ಳಲಿಲ್ಲ. ಅಂಕೆಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನೇ ನೋಡುತ್ತಿದ್ದಳು.

ಕೋಣೆ ಸಣ್ಣದು. ಮಂಚ ದೊಡ್ಡದು. ಕಿಟಕಿಯ ಕೆಳಗೆ ಹೋಟೆಲಿನ ಹಿತ್ತಲು. ತಗಡಿನ ಚಾವಣಿಯ ಕೊಳವೆಯಿಂದ ಬಿಳಿಯ ಹಬೆ ಏಳುತ್ತಿತ್ತು. ಹಸಿರು ಅಂಗಿಯ ಇಬ್ಬರು ಹೆಂಗಸರು ಶೀಟುಗಳ ಗುಡ್ಡೆ ಹೇರಿದ ಗಾಡಿಯನ್ನು ತಳ್ಳುತ್ತಿದ್ದರು. ಒಂದು ಚಕ್ರ ಸರಿಯಿಲ್ಲದೆ ಕಿರುಗುಟ್ಟುವುದು ಮೇಲಿನವರೆಗೂ ಕೇಳುತ್ತಿತ್ತು. ಮಗಳು ಅಮ್ಮನ ಮುಖ ನೋಡಿದಳು. ಇಡೀ ಊರಿನಲ್ಲಿ ಇದೊಂದೇ ಕಿಟಕಿ ಸಿಗಬೇಕಿತ್ತೇ? ಅಮ್ಮ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.

"ಪರದೆ ಎಳಿ" ಅಂದಳು ಕೊನೆಗೆ. "ಅದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?"

ಆಮೇಲೆ ಮಂಚದ ಬಳಿ ಬಂದು, ಶೀಟಿನ ಮೂಲೆಯನ್ನು ಎತ್ತಿ ನೋಡಿ, "ಮಡಿಕೆ ಸರಿಯಾಗಿ ಹಾಕಿಲ್ಲ. ಗಂಜಿ ಜಾಸ್ತಿ" ಎಂದು ತೀರ್ಪು ಕೊಟ್ಟಳು. ನೀಲಿ ನೈಟಿ ಹಾಕಿಕೊಂಡು, ಹಗಲು ಮೂರು ಗಂಟೆಗೆ, ಹಾಸಿಗೆಯ ನಟ್ಟನಡುವೆ ಕೈಕಾಲು ಚಾಚಿ ಮಲಗಿಬಿಟ್ಟಳು. ಮಗಳಿಗೆ ಅಂಚಿನಲ್ಲೂ ಜಾಗ ಉಳಿಯಲಿಲ್ಲ. ಅವಳು ಕುರ್ಚಿಯಲ್ಲಿ ಕೂತು, ಬಾಯಿ ತೆರೆದು ನಿದ್ದೆಹೋದ ಅಮ್ಮನನ್ನು ನೋಡಿದಳು. ಅಮ್ಮ ಹಗಲು ಮಲಗಿದ್ದನ್ನು ತಾನು ಹಿಂದೆಂದೂ ಕಂಡಿದ್ದು ನೆನಪಾಗಲಿಲ್ಲ. ಯೋಚಿಸಿದಷ್ಟೂ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಬೆಳಿಗ್ಗೆ ಮಗಳು ಸ್ನಾನ ಮುಗಿಸಿ ಹೊರಬಂದಾಗ ಅಮ್ಮ ಶೀಟುಗಳನ್ನೆಲ್ಲ ಕಿತ್ತು, ದಿಂಬಿನ ಗವಸು ಬಿಚ್ಚಿ, ಮೂಲೆಗೆ ಮೂಲೆ ಸೇರಿಸಿ ಮಡಿಚುತ್ತಿದ್ದಳು.

"ಅಮ್ಮಾ! ಏನು ಮಾಡ್ತಿದೀಯ?"

ಅಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈಯಲ್ಲಿದ್ದುದನ್ನು ನೋಡಿಕೊಂಡಳು. "ಗೊತ್ತೇ ಆಗ್ಲಿಲ್ಲ ಕಣೇ" ಅಂದಳು. ಮಡಿಚಿದ್ದನ್ನು ಮತ್ತೆ ಒದರಿ, ಮಂಚದ ಮೇಲೆ ಮುದ್ದೆಯಾಗಿ ಎಸೆದಳು. ದಿಂಬನ್ನೂ ಅದರ ಮೇಲೆ ಎಸೆದಳು. ಮುದ್ದೆ ಚೆನ್ನಾಗಿ ಬಿದ್ದಿದೆಯೇ ಎಂದು ನೋಡಿ ಚೀಲ ಎತ್ತಿಕೊಂಡಳು.

ಹನ್ನೊಂದರ ವ್ಯಾನು ಹತ್ತೇ ನಿಮಿಷದಲ್ಲಿ ಕಟ್ಟೆ ಮುಟ್ಟಿಸಿತು. ಸೇತುವೆಯ ಮೇಲೆ ಒಂದು ಲಾರಿಯೂ ಇರಲಿಲ್ಲ. ಉದ್ದನೆಯ ಶೆಡ್ಡಿನ ಬೆಂಚಿನ ಮೇಲೆ ಕೂತು ಅವಳು ಗಡಿಯಾರ ನೋಡುತ್ತ, ಕೂಡಿಟ್ಟ ಮಾತುಗಳನ್ನು ಒಳಗೊಳಗೇ ಮಸೆದಳು. ಒಂದೂವರೆಗೆ ತಮ್ಮ ಬಂದ. ಏದುಸಿರಿಲ್ಲ, ಬೆವರಿಲ್ಲ. ಹೆಂಡತಿಯ ಕೈಯಲ್ಲಿ ಐಸ್‌ಕ್ರೀಂ ಬೇರೆ.

"ರೈಲು ಐದು ನಿಮಿಷ ಮುಂಚೇನೇ ಬಂತು! ನೋಡಿದ್ಯಾ ಅಕ್ಕಾ? ಎರಡು ಗಂಟೆ ಇನ್ನೂ ಕೈಯಲ್ಲಿದೆ. ಏನು ಸಿಕ್ತು ನಿಂಗೆ ಆ ಹೋಟ್ಲಲ್ಲಿ?"

ಕೂಡಿಟ್ಟ ಮಾತೆಲ್ಲ ಗಂಟಲಲ್ಲೇ ಹಳಸಿಹೋಯಿತು. ಅವನು ಗೆದ್ದಿದ್ದ. ರೈಲು, ಸೇತುವೆ, ಟ್ಯಾಕ್ಸಿ ಎಲ್ಲವೂ ಅವನ ಪರವಾಗಿ ಸಾಕ್ಷಿ ಹೇಳಿದ್ದವು. ಅವಳು ಬಾಯಿ ತೆರೆಯುವ ಮುಂಚೆ ಅಮ್ಮ ಅಂದಳು:

"ಅವಳಿಗಲ್ಲ. ನನಗೆ ಬೇಕಿತ್ತು."

"ಏನು ಬೇಕಿತ್ತು?"

"ಹೋಟ್ಲು."

ತಮ್ಮ ನಕ್ಕ. "ಅದನ್ನ ಮೊದ್ಲೇ ಹೇಳೋದಲ್ವಾ? ಕೇಳ್ದೆನಲ್ಲ, ನಿಮ್ಮಿಷ್ಟ ಅಂದೆ."

"ನೀನು ರದ್ದು ಮಾಡಿ ಆಮೇಲೆ ಕೇಳ್ದೆ ಕಣೋ." ಅಮ್ಮನ ದನಿ ಏರಿರಲಿಲ್ಲ. ಆದರೆ ಮುಂದಿನ ಬೆಂಚಿನವರು ತಿರುಗಿ ನೋಡಿದರು. "ಆಗ ಇನ್ನೇನು ಹೇಳ್ಬೇಕಿತ್ತು? ಇವಳು ಆ ಕಾಗದ ಬರೆಯೋವಾಗ್ಲೂ ಕೇಳ್ಲಿಲ್ಲ. ಎಲ್ಲ ಬರೆದು ತಂದು ಓದಿ ಹೇಳಿದ್ಲು. ಮೂವತ್ತೊಂದು ವರ್ಷ ಅಲ್ಲಿ ಮೇಲಿನೋರು ಹೇಳಿದ್ದು ಆಯ್ತು. ಮನೇಲಿ ನೀವಿಬ್ರು."

ತಮ್ಮನ ಹೆಂಡತಿಯ ಐಸ್‌ಕ್ರೀಂ ಕರಗಿ ಮುಂಗೈಗೆ ಇಳಿಯುತ್ತಿತ್ತು. ಅಮ್ಮ ತನ್ನ ಕರವಸ್ತ್ರ ಕೊಟ್ಟಳು. ಆಮೇಲೆ ಸಾಲು ಮುಂದೆ ಸರಿಯಿತು.

ಗೇಟಿನ ಮೇಜಿನಲ್ಲಿದ್ದವನು ನಾಲ್ಕು ಟಿಕೆಟ್ಟುಗಳನ್ನೂ ನೋಡಿ, ತಲೆಯೆತ್ತದೆ ಕೇಳಿದ: "ರಾತ್ರಿ ಊಟದ ಪಂಕ್ತಿ ಎರಡಿದೆ. ಆರೂವರೆಗೋ, ಎಂಟೂವರೆಗೋ?"

"ಯಾವ್ದಾದ್ರೂ ಆಗು—" ಎನ್ನುತ್ತಿದ್ದ ತಮ್ಮನ ತೋಳನ್ನು ಅವಳು ಗಟ್ಟಿಯಾಗಿ ಹಿಡಿದಳು. ಆರೂವರೆಯೇ ಸರಿ, ಅಮ್ಮನಿಗೆ ಎಂಟರ ಮಾತ್ರೆ ಇದೆ ಎಂದು ಅವಳ ನಾಲಿಗೆಯ ತುದಿಗೂ ಬಂದಿತ್ತು. ಅದನ್ನೂ ಹಿಡಿದಳು.

"ಅಮ್ಮನ್ನ ಕೇಳಿ" ಅಂದಳು.

ಅವನು ಅಮ್ಮನ ಕಡೆ ತಿರುಗಿದ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಮೇಜಿನ ಮೇಲಿದ್ದ ಹಡಗಿನ ಚಿತ್ರ ನೋಡಿದಳು. ಆಮೇಲೆ ಶೆಡ್ಡಿನ ಬಾಗಿಲಿನಾಚೆ, ಬಿಸಿಲಿಗೆ ಕಣ್ಣು ಕೋರೈಸುತ್ತ ನಿಂತ ನಿಜವಾದ ಹಡಗನ್ನು ನೋಡಿದಳು.

"ಸೂರ್ಯ ಮುಳುಗೋದು ಎಷ್ಟು ಹೊತ್ತಿಗಪ್ಪಾ?"

"ಆರೂ ಮುಕ್ಕಾಲು ಅಂದ್ಕೊಳ್ಳಿ ಅಮ್ಮಾ."

"ಹಂಗಾದ್ರೆ..." ಎಂದು ಅಮ್ಮ ಮತ್ತೆ ಯೋಚನೆಗೆ ಬಿದ್ದಳು. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಒಂದು ಸೂಟ್‌ಕೇಸಿನ ಚಕ್ರ ಅಸಹನೆಯಿಂದ ಹಿಂದೆ ಮುಂದೆ ಉರುಳಿತು.

"ಅಕ್ಕಾ," ತಮ್ಮ ಪಿಸುಗುಟ್ಟಿದ, "ಹಿಂದೆ ಇಡೀ ಲೈನು ನಿಂತಿದೆ."

"ನಿಲ್ಲಲಿ" ಅಂದಳು ಅವಳು.