ಹಸಿ ತೂಕ, ಒಣ ತೂಕ

ತೀರಿಹೋದ ಅವ್ವನ ದನಿಯೇ ಮರೆತುಹೋಗಿದೆ ಎಂದು ನನ್ನ ತಮ್ಮ ವೀರೇಂದ್ರ ಒಮ್ಮೆ ಹೇಳಿದ್ದ. ಈಗ ಪುಣೆಯಲ್ಲಿರುವ ಚಿಕ್ಕಮ್ಮನ ಮಗಳು ಮಧುಶ್ರೀಗೆ ಹಳೆಯ ಕ್ಯಾಸೆಟ್ಟೊಂದರಲ್ಲಿ ಅವ್ವನ ಮಾತು ಸಿಕ್ಕಿತ್ತು; ಅವಳು ಅದನ್ನು ಕಂಪ್ಯೂಟರಿಗೆ ಹಾಕಿ ನನಗೆ ಮೇಲ್ ಮಾಡಿದ್ದಳು. ಕ್ಯಾಸೆಟ್ ಆ ಕೆಲಸದಲ್ಲೇ ತುಂಡಾಯಿತಂತೆ.

ಸುದ್ದಿ ಕೇಳಿದ್ದೇ ತಡ, ವೀರೇಂದ್ರ ಭದ್ರಾವತಿಯಿಂದ ಬಸ್ ಹತ್ತಿ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಓಡಿ ಬಂದ. ಮೇಲ್ ಇಳಿಸಲು ಕೂತೆವು. ಫೋನ್ ಲೈನಿಗೆ ಸಿಕ್ಕಿಸಿದ ಮೋಡೆಮ್ ಕಿರುಗುಟ್ಟಿ, ದೂರದ ಯಾರೊಂದಿಗೋ ಗುಟ್ಟು ಮಾತಾಡಿ ಸುಮ್ಮನಾಯಿತು. ಕಿಟಕಿಯ ಪರದೆ ಮೆಲ್ಲಗೆ ಉಬ್ಬುತ್ತಿತ್ತು. ಮಧ್ಯಾಹ್ನಕ್ಕೇ ಜೊಂಪು ಹತ್ತಿದ ಹಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ, ಫೈಲ್ ಇಳಿದಷ್ಟೂ ಉದ್ದವಾಗುವ ನೀಲಿ ಪಟ್ಟಿ ಕೂದಲಷ್ಟು ಬೆಳೆಯಿತು.

"ಅಕ್ಕಾ, ಕನೆಕ್ಷನ್ ನಲವತ್ತೆಂಟು ಅಂತ ತೋರಿಸ್ತು. ಇಳೀತಿರೋದು ಬರೀ ಐದು! ಶುದ್ಧ ಮೋಸ" ಎಂದವನೇ ಲೈನ್ ಕಡಿದು ಮತ್ತೆ ಡಯಲ್ ಮಾಡಿದ.

ಇವನು ಅಡಿಕೆ ಮಂಡಿಯಲ್ಲಿ ತೂಕ ಹಾಕುವವನು. ತೂಕ ಕಡಿಮೆ ಬಂದರೆ ಮೂಟೆ ಇಳಿಸಿ ಮತ್ತೆ ತೂಗುವುದು ಅಲ್ಲಿನ ರೂಢಿ. ಇಲ್ಲಿ ಹಾಗೆ ಮಾಡಿದರೆ ಬಂದದ್ದೂ ಹೋಗಿ ಮೊದಲಿನಿಂದ ಶುರುವಾಗುತ್ತದೆ. ಮೂಗಿನ ತುದಿಯಲ್ಲೇ ಕೋಪ ಇರುವವನಿಗೆ ಹೇಳುವವರು ಯಾರು? ಮತ್ತೆ ಮತ್ತೆ ಕಡಿದ. ಕೊನೆಗೆ, "ನನ್ನ ಹಣೇಲಿ ಬರ್ದಿಲ್ಲ, ಬಿಡು" ಎಂದು ಚಪ್ಪಲಿ ಮೆಟ್ಟಿದ. ಈಗ ಹೋದರೆ ಇವನು ಮತ್ತೆ ಈ ಮಾತೇ ಎತ್ತುವವನಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು, ಸಿಟ್ಟೂ ಬಂತು.

"ಹಸಿ ಅಡಿಕೆ ಒಂದು ಕ್ವಿಂಟಲ್ ತಂದ್ರೆ, ಸುಲಿದು ಒಣಗಿಸಿದ ಮೇಲೆ ಎಷ್ಟು ಸಿಗುತ್ತೋ?" ಎಂದು ಕೇಳಿದೆ.

"ಹನ್ನೆರಡೋ ಹದಿಮೂರೋ ಕೆಜಿ."

"ಅದು ಮೋಸ ಅಂತೀಯಾ? ಆ ನಲವತ್ತೆಂಟು ಬಿಟ್ ಲೆಕ್ಕ, ಈ ಐದು ಬೈಟ್ ಲೆಕ್ಕ. ಎಂಟು ಬಿಟ್ ಕೂಡಿದ್ರೆ ಒಂದು ಬೈಟ್."

"ಹಂಗಾದ್ರೆ ಆರು ಬರ್ಬೇಕಲ್ಲ?"

"ಸ್ವಲ್ಪ ದಾರಿಖರ್ಚಿಗೆ ಹೋಗುತ್ತೆ ಮಾರಾಯ. ಮುಟ್ಟದೆ ಕೂತ್ಕೋ."

ಚಪ್ಪಲಿ ಬಿಟ್ಟು ಕೂತ. ನಾನೇ ಮತ್ತೆ ಡಯಲ್ ಮಾಡಿದೆ. ಜನ್ಮದಲ್ಲಿ ಅವನು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಬಿಸಿಲು ನೆಲದಿಂದ ಗೋಡೆಗೇರಿತು. ನೀಲಿ ಪಟ್ಟಿ ತೆವಳುತ್ತಾ ತೆವಳುತ್ತಾ ಅಂಚು ಮುಟ್ಟಿತು.

ಫೈಲ್ ತೆರೆದೆ. ಗರಗರ ಸದ್ದು. ಎಲ್ಲೋ ಪಾತ್ರೆ ಇಟ್ಟ ಶಬ್ದ. ಆಮೇಲೆ ಅವ್ವ.

"ವೀರೂ, ಊಟ ಆಯ್ತೇನೋ?"

ಬೆಳಿಗ್ಗೆಯಿಂದ ಏನೂ ತಿನ್ನದೆ ಕೂತಿದ್ದವನು ಎದ್ದು ನಿಂತು, "ಆಯ್ತವ್ವಾ" ಎಂದು ಸುಳ್ಳು ಹೇಳಿದ.